ನಾಲ್ಕನೆಯ ನಂಬರಿನ ಔಷಧಿ

ದಸರೆಗೆ ಮುಂಚೆ ಸಗರಕ್ಕೆ ಬಂದ ಜ್ವರ ದೀಪಾವಳಿಯ ಹೊತ್ತಿಗೆ ಊರು ಬಿಟ್ಟಿತ್ತು. ಕೀಲುನೋವನ್ನು ಮಾತ್ರ ಮರೆತವರ ಹಾಗೆ ಬಿಟ್ಟುಹೋಗಿತ್ತು. ಊರ ಅಗಸೆಬಾಗಿಲ ಹಿಂದಿನ ಓಣಿಯಲ್ಲಂತೂ ಹೆಂಗಸರು ನೆಲದಿಂದ ಏಳುವ ಮುಂಚೆ ಒಂದು ಸಲ ದೇವರನ್ನೂ ಒಂದು ಸಲ ಸೊಳ್ಳೆಯನ್ನೂ ನೆನೆಯುತ್ತಿದ್ದರು. ದೇವರಿಗೆ ಕೈ ಮುಗಿಯುವುದು ಕಷ್ಟವಾಗಿತ್ತು, ಬೆರಳು ಬಾಗುತ್ತಿರಲಿಲ್ಲ. ಸೊಳ್ಳೆಯನ್ನು ಬೈಯಲು ಬೆರಳು ಬೇಕಾಗುತ್ತಿರಲಿಲ್ಲ.

ರೇಣಮ್ಮನಿಗೆ ಮೊಣಕಾಲು ಹಿಡಿದಿತ್ತು. ಅರವತ್ತೆರಡರ ಆ ಹೆಂಗಸು ಎಂಬತ್ತು ಕುರಿಗಳ ಹಿಂಡನ್ನು ಒಬ್ಬಳೇ ಹಟ್ಟಿಗೆ ಹೊಡೆದವಳು. ಈಗ ಬಾಗಿಲ ಚೌಕಟ್ಟು ಹಿಡಿದು ಏಳುತ್ತಿದ್ದಳು. ಯಾರಾದರೂ ಕೈ ಕೊಡಲು ಬಂದರೆ ಹಾಗೇ ಕುಳಿತುಬಿಡುತ್ತಿದ್ದಳು. ಅವರು ಹೋದ ಮೇಲೆ ಏಳುತ್ತಿದ್ದಳು.

ಸೊಸೆ ಸುಕನ್ಯಾ ಶಹಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅದರ ಜೊತೆಗೆ ಆರು ವರ್ಷದಿಂದ ಒಂದು ಪಿಎಚ್.ಡಿ.ಯನ್ನು ಎಳೆದುಕೊಂಡು ಬಂದಿದ್ದಳು. ಅದು ಲ್ಯಾಪ್‌ಟಾಪಿನಲ್ಲಿ ನಡೆಯುವ ಕೆಲಸ. ಮನೆಯಲ್ಲಿ ಅದಕ್ಕೆ 'ಸುಕನ್ಯಾನ ಟಿ.ವಿ.' ಎಂದೇ ಹೆಸರು. ಗಂಡ ಬಸವಂತ ಕುರಿಗಳ ಜೊತೆ ವರ್ಷದಲ್ಲಿ ಆರು ತಿಂಗಳು ಹೊರಗೇ ಇರುತ್ತಿದ್ದ. ಈಗಲೂ ಬೋನಾಳದ ಕೆರೆಯ ಕೆಳಗೆ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಲು ಹೋಗಿದ್ದ. ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಹದಿನಾಲ್ಕು ವರ್ಷದಲ್ಲಿ ಅತ್ತೆ ಸೊಸೆಗೆ ಕೇಳಿದ ಪ್ರಶ್ನೆಗಳು ಎರಡೇ: ಉಂಡೆಯಾ, ಬಸ್ಸು ಸಿಕ್ಕಿತಾ.

ಅಕ್ಕರೆ ಇರಲಿಲ್ಲವೆಂದಲ್ಲ. ಆದರೆ ಸುಕನ್ಯಾ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ, ಯಾರಾದರೂ ತನ್ನ ಕೆಲಸದ ಬಗ್ಗೆ ಕೇಳಿದರೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ರೂಢಿ ಮಾಡಿಕೊಳ್ಳುತ್ತಿದ್ದಳು. ಪರೀಕ್ಷಕರಿಗೆ ಒಂದು ಬಗೆ, ಗಂಡನಿಗೆ ಒಂದು ಬಗೆ, ಅತ್ತೆಗೆ ಒಂದು ಬಗೆ. ಎಲ್ಲಕ್ಕಿಂತ ಚೆನ್ನಾಗಿ ಕೂಡಿಬಂದದ್ದು ಅತ್ತೆಗೆ ಹೇಳುವ ಬಗೆ. ಅದನ್ನು ಕೇಳುವವರೇ ಇರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ರೇಣಮ್ಮ ಕೇಳಿಯೇಬಿಟ್ಟಳು.

"ಅದರಾಗ ದಿನಾ ಏನ್ ನೋಡ್ತಿ? ಬಣ್ಣಬಣ್ಣದ ಶಾವಿಗಿ ತಿರುಗಿದಂಗ ಕಾಣ್ತದ."

ಸುಕನ್ಯಾ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಶಾವಿಗಿ ಅಲ್ರಿ ಅತ್ತಿ. ನಿಮಗ ಬಂದಿತ್ತಲ್ರಿ ಚಿಕೂನ್‌ಗುನ್ಯಾ, ಅದರ ವೈರಸ್ಸಿಂದು ಒಂದು ತುಣುಕ್ರಿ ಇದು. ಪ್ರೋಟೀನ್ ಅಂತಾರ."

ರೇಣಮ್ಮ ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಾಗಿದಳು. ಹಗೆಯವನ ಮುಖ ಮೊದಲ ಸಲ ನೋಡುವ ಹಾಗೆ ನೋಡಿದಳು. "ಇದೇನು? ಇಷ್ಟ್ ಚಂದ ಅದ!"

"ಇಲ್ಲಿ ಒಂದು ಕುಣಿ ಕಾಣ್ತದ ನೋಡ್ರಿ. ಈ ಕುಣಿಯಾಗ ಏನರೆ ಬಿಗಿಯಾಗಿ ಹೋಗಿ ಕುಂತ್ರ ವೈರಸ್ಸಿನ ಕೆಲಸ ನಿಲ್ತದ. ಹೊಸಾ ಔಷಧ ಮಾಡಬೇಕಂದ್ರ ಹತ್ತ್ ಹದಿನೈದು ವರ್ಷ ಬೇಕ್ರಿ. ಅದಕ್ಕ ನಾವು ಹಳೇವನ್ನೇ ನೋಡಾಕತ್ತೇವಿ. ಬಿಪಿದು, ಸಕ್ರಿ ಕಾಯಿಲಿದು, ಹೊಟ್ಟಿ ಹುಳದ್ದು. ಅವು ಆಗಲೇ ಮೈಯಾಗ ಹೊಕ್ಕು ಬಂದಂಥವು, ಏನ್ ತ್ರಾಸ ಕೊಡ್ತಾವ ಅಂತ ಗೊತ್ತದ. ಎರಡು ಸಾವಿರ ಚಿಲ್ಲರ ಔಷಧ ಅದಾವ್ರಿ. ಕಂಪ್ಯೂಟರ್ ಒಂದೊಂದನ್ನೂ ಈ ಕುಣಿಯಾಗ ಕುಂದ್ರಿಸಿ ನೋಡಿ ನಂಬರ್ ಕೊಡ್ತದ."

"ಎಷ್ಟಕ್ಕ ಎಷ್ಟು?"

"ಮೊದಲಿಂದಕ್ಕ ಮೈನಸ್ ಹತ್ತೂವರಿ ಬಂದದ್ರಿ."

"ಮೈನಸ್ ಬಂದ್ರ ನಪಾಸ್ ಅಲ್ಲೇನು?"

"ಇದರಾಗ ಮೈನಸ್ ಹೆಚ್ಚಾದಷ್ಟೂ ಪಾಸ್ರಿ."

"ಹಂಗಾರ ನಿನ್ನ ಗಂಡ ಎಸೆಸೆಲ್ಸಿ ಇದರಾಗ ಕಟ್ಟಬೇಕಿತ್ತು," ಎಂದಳು ರೇಣಮ್ಮ.

ಇಬ್ಬರೂ ನಕ್ಕರು. ಸುಕನ್ಯಾ ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಹದಿನಾಲ್ಕು ವರ್ಷದ ಮೇಲೆ ಅತ್ತೆ ತನ್ನ ಪರದೆಯ ಮುಂದೆ ಕುಳಿತಿದ್ದಾಳೆ, ಮಾತು ಮುಗಿದರೆ ಎದ್ದುಹೋಗುತ್ತಾಳೆ. ಇನ್ನೊಂದು ಮಾತು ಇದ್ದರೆ ಇನ್ನೊಂದು ಗಳಿಗೆ ಕೂರುತ್ತಾಳೆ. ಆ ಆಸೆಗೆ ಬಿದ್ದು ಹೇಳಿದಳು:

"ಮಜಾ ಹೇಳ್ಲೇನ್ರಿ ಅತ್ತಿ? ನಾಕನೇ ನಂಬರ್ ಬಂದದ್ದು ಯಾವುದು ಗೊತ್ತೇನ್ರಿ? ನಮ್ಮ ಕುರಿಗೆ ಕುಡಸ್ತೀವಲ್ಲ, ಹುಳದ ಔಷಧ. ಅದೇ."

ರೇಣಮ್ಮ ತಿರುಗಿ ಬಾಗಿಲ ಪಕ್ಕದ ಗೂಡು ನೋಡಿದಳು. ಅಲ್ಲಿ ಬಿಳಿಯ ಪ್ಲಾಸ್ಟಿಕ್ ಕ್ಯಾನು ಇತ್ತು, ಮೇಲೆ ಕುರಿಯ ಚಿತ್ರ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದ ಪಕ್ಕದ ಮನೆಯ ಬಸ್ಸಮ್ಮ ಕೂಡ ಮೊರ ಕೆಳಗಿಟ್ಟು ಅದನ್ನೇ ನೋಡಿದಳು.

ಮೂರು ದಿನದಲ್ಲಿ ಓಣಿಯ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಬುಧವಾರ ಮುಂಜಾನೆಯ ಶಹಾಪುರದ ಬಸ್ಸಿನಲ್ಲಿ ಸುಕನ್ಯಾ ಕೂರುವ ಮುಂಚೆಯೇ ಹಜರಾಬೀ ತನ್ನ ಕಾಯಿಪಲ್ಯೆಯ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. ಹಜರಾಬೀ ಎದುರು ಮನೆಯವಳು, ನಾಲ್ಕು ಆಡು ಸಾಕಿದವಳು.

"ಬಾ ತಂಗಿ, ಕುಂದ್ರು. ನಾಕನೇ ನಂಬರಿಂದು ಮನ್ಯಾಗ ಅದ. ಮೊದಲನೇ ನಂಬರಿಂದು ಎಲ್ಲಿ ಸಿಗ್ತದ?"

"ಅದು ಕ್ಯಾನ್ಸರಿನ ಔಷಧ ಹಜರಾಬೀ ಅಕ್ಕ."

"ಹಂಗಾರ ಬ್ಯಾಡ. ನಾಕನೇದೇ ಸಾಕು."

ಬಸ್ಸಮ್ಮ ಹಿಂದಿನ ಸೀಟಿನಿಂದ ತಲೆ ತೂರಿಸಿದಳು. ಅವಳ ಪಕ್ಕದಲ್ಲಿ ಹೆಂಗಸರ ಕುಬಸ ಹೊಲಿಯುವ ಮಲ್ಲೇಶ್ವರಿ ಕುಳಿತಿದ್ದಳು. ಜ್ವರ ಬಂದಾಗಿನಿಂದ ಅವಳ ಬಲಗೈಯ ಹೆಬ್ಬೆರಳು ಕತ್ತರಿಯ ಕಣ್ಣಿನೊಳಗೆ ಹೋಗುತ್ತಿರಲಿಲ್ಲ. ಮದುವೆಯ ದಿನಗಳು ಹತ್ತಿರವಿದ್ದವು, ಅವಳ ಮನೆಯಲ್ಲಿ ಕತ್ತರಿಸದ ಬಟ್ಟೆ ಗಂಟುಗಂಟಾಗಿ ಕೂತಿತ್ತು.

ಸುಕನ್ಯಾ ಗಾಬರಿಯಿಂದ ಹಿಂದಕ್ಕೆ ತಿರುಗಿದಳು. "ಅಕ್ಕಾ, ಕೇಳ್ರಿ ಇಲ್ಲಿ. ಕಂಪ್ಯೂಟರ್ ನೋಡಿದ್ದು ಬರೇ ಫೋಟೋ. ಹುಡುಗನ ಫೋಟೋ ನೋಡಿ ಹೂಂ ಅಂದಂಗ ಅಷ್ಟೇ. ಇನ್ನ ಮನಿತನ ನೋಡಬೇಕು, ಗುಣ ನೋಡಬೇಕು. ಗಾಜಿನ ತಟ್ಟಿಯಾಗ ಜೀವಕೋಶದ ಮ್ಯಾಲೆ ನೋಡಬೇಕು, ಇಲಿ ಮ್ಯಾಲೆ ನೋಡಬೇಕು. ಸಾವಿರದಾಗ ಒಂದು ಉಳೀತದೋ ಇಲ್ಲೋ. ಮದುವಿ ಭಾಳ ದೂರ ಅದ."

ಬಸ್ಸಮ್ಮ ಯೋಚಿಸಿದಳು. "ನಮ್ಮ ಮದುವಿ ಫೋಟೋನೂ ಇಲ್ಲದ ಆಗ್ಯಾವು. ನಿಮ್ಮದು ಫೋಟೋ ತನಕರೆ ಬಂದದ. ಇನ್ನ್ಯಾಕ ತಡಾ?"

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಕೂಡ ನಕ್ಕ. ಮಲ್ಲೇಶ್ವರಿ ಮಾತ್ರ ನಗದೆ ಮೆಲ್ಲಗೆ ಕೇಳಿದಳು: "ಟೀಚರ್, ಖರೇನ ಎರಡು ಸಾವಿರದಾಗ ನಾಕನೇದೇನ್ರಿ?"

"ಖರೇ. ಆದ್ರ..."

"ಅಷ್ಟು ಸಾಕ್ರಿ," ಎಂದು ಮಲ್ಲೇಶ್ವರಿ ಕಿಟಕಿಯ ಕಡೆ ತಿರುಗಿದಳು.

ಆ ಸಂಜೆ ಸುಕನ್ಯಾ ಮನೆಗೆ ಬಂದು ಮೊದಲು ನೋಡಿದ್ದು ಗೂಡನ್ನು. ಕ್ಯಾನು ಇತ್ತು. ಅತ್ತೆಗೆ ಹೇಳಿದಳು, "ಅದು ಕುರಿಗೆ ಮಾಡಿದ್ದು ಅತ್ತಿ. ಮನುಷ್ಯರು ಕುಡದ್ರ ಕಣ್ಣು ಹೋಗಬಹುದು, ಜೀವಾನೂ ಹೋಗಬಹುದು. ಯಾರಿಗೂ ಮುಟ್ಟಗೊಡಬ್ಯಾಡ್ರಿ."

"ಹೂಂ," ಎಂದಳು ರೇಣಮ್ಮ, ರೊಟ್ಟಿ ಬಡಿಯುತ್ತ. ಸೊಸೆ ನಿಂತೇ ಇದ್ದುದನ್ನು ನೋಡಿ ಸೇರಿಸಿದಳು, "ಉಂಡಿಯೇನು?"

ಶನಿವಾರ ಸುಕನ್ಯಾ ಎಂದಿನಂತೆ ಏಳೂವರೆಯ ಬಸ್ಸು ಹತ್ತಿದಳು. ಒಂದು ಮೈಲಿ ಹೋದ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮನೆಯಲ್ಲೇ ಉಳಿದದ್ದು ನೆನಪಾಯಿತು. ಇಳಿದು ತೊಗರಿ ಹೊಲಗಳ ನಡುವಿನ ಹಾದಿ ಹಿಡಿದು ನಡೆದು ವಾಪಸ್ಸು ಬಂದಳು. ಓಣಿಯ ತಿರುವಿನಲ್ಲೇ ನಗು ಕೇಳಿಸಿತು. ಇಷ್ಟೊಂದು ಹೆಂಗಸರು ಇಷ್ಟು ಹೊತ್ತಿನಲ್ಲಿ ಒಟ್ಟಿಗೆ ನಗುವುದನ್ನು ಅವಳು ಆ ಓಣಿಯಲ್ಲಿ ಕೇಳಿರಲಿಲ್ಲ.

ಅವರ ಮನೆಯ ಅಂಗಳದ ಬೇವಿನ ಮರದ ಕೊಂಬೆಗೆ ಕುರಿ ತೂಗುವ ತಕ್ಕಡಿ ತೂಗುಬಿದ್ದಿತ್ತು. ಮೇಲೆ ಗಡಿಯಾರದಂಥ ಮುಖ, ಕೆಳಗೆ ಗೋಣಿತಾಟಿನ ಜೋಳಿಗೆ. ಸಂತೆಗೆ ಹೊಡೆಯುವ ಮುಂಚೆ ಕುರಿಯನ್ನು ಆ ಜೋಳಿಗೆಯಲ್ಲಿ ಕೂರಿಸಿ ತೂಗುವುದು ವಾಡಿಕೆ. ಈಗ ಅದರಲ್ಲಿ ಬಸ್ಸಮ್ಮ ಕುಳಿತಿದ್ದಳು. ಸೀರೆಯ ನಿರಿಗೆ ಒಟ್ಟುಮಾಡಿ ಹಿಡಿದುಕೊಂಡು, ಕಾಲು ನೆಲದಿಂದ ಒಂದು ಗೇಣು ಮೇಲೆ, ಮೆಲ್ಲಗೆ ತಿರುಗುತ್ತಿದ್ದಳು.

"ಅಲುಗಾಡಬ್ಯಾಡ, ಮುಳ್ಳು ನಿಲ್ಲವಲ್ದು," ಎಂದಳು ಹಜರಾಬೀ, ಮುಖವನ್ನು ತಕ್ಕಡಿಗೆ ಆನಿಸಿ.

"ನಾ ಎಲ್ಲಿ ಅಲುಗಾಡಾಕತ್ತೀನಿ? ನಿಮ್ಮ ನಗಿಗೆ ಗಿಡಾ ಅಲುಗಾಡಾಕತ್ತದ."

"ಎಪ್ಪತ್ತೆಂಟು! ಎರಡು ಕುರಿ, ಮ್ಯಾಲೊಂದು ಮರಿ!"

"ಯಾವ ಕುರಿ ಲೆಕ್ಕದಾಗ? ನಿಮ್ಮ ಸಣಕಲ ಕುರಿ ಲೆಕ್ಕ ಹಿಡೀಬ್ಯಾಡ. ನಮ್ಮ ಟಗರಿನ ಲೆಕ್ಕದಾಗ ನಾ ಒಂದೂವರಿ."

ಕಟ್ಟೆಯ ಮೇಲೆ ರೇಣಮ್ಮ ಚಕ್ಕಳಮಕ್ಕಳ ಹಾಕಲಾಗದೆ ಕಾಲು ನೀಡಿ ಕುಳಿತಿದ್ದಳು. ಮುಂದೆ ಕುರಿಯ ಚಿತ್ರದ ಬಿಳಿಯ ಕ್ಯಾನು. ಕೈಯಲ್ಲಿ ಗೊಟ್ಟ: ಕುರಿಯ ಬಾಯಿಗೆ ಔಷಧ ಹೊಯ್ಯುವ ಬಿದಿರಿನ ನಳಿಗೆ. ಬಸ್ಸಮ್ಮ, ಹಜರಾಬೀ ಸೇರಿ ಎಂಟು ಹೆಂಗಸರು; ಉಳಿದವರು ಸಾಲಾಗಿ ಕುಳಿತಿದ್ದರು. ಬಸ್ಸಮ್ಮ ಜೋಳಿಗೆಯಿಂದ ಇಳಿದು ಬಂದು ಬಾಯಿ ತೆರೆದಳು. ರೇಣಮ್ಮ ಅಳೆದು ಹೊಯ್ದಳು.

"ಅತ್ತಿ!"

ಅದು ತನ್ನ ದನಿಯೇ ಎಂದು ಸುಕನ್ಯಾಳಿಗೆ ಒಂದು ಗಳಿಗೆ ನಂಬಿಕೆ ಬರಲಿಲ್ಲ. ಆ ಮನೆಯ ಅಂಗಳದಲ್ಲಿ ಅವಳು ಹಾಗೆ ಎಂದೂ ಕೂಗಿರಲಿಲ್ಲ. ಹೆಂಗಸರೆಲ್ಲ ತಿರುಗಿದರು. ಬಸ್ಸಮ್ಮ ನುಂಗಿ ಬಾಯಿ ಒರೆಸಿಕೊಂಡಳು.

"ಎಷ್ಟು ದಿನ ಆತ್ರಿ ಇದು?" ಎಂದಳು ಸುಕನ್ಯಾ.

"ಇವತ್ತಿಗೆ ಮೂರು," ಎಂದಳು ರೇಣಮ್ಮ. "ಹತ್ತು ಕಿಲೋಕ್ಕ ಇಷ್ಟು ಅಂತ ಕ್ಯಾನಿನ ಮ್ಯಾಲೆ ಬರದದ. ಅಂದಾಜಿನ ಮ್ಯಾಲೆ ಹಾಕಬಾರದು ಅಂತ ತೂಗಾಕತ್ತೀವಿ."

"ಎಲ್ಲಾರೂ ಏಳ್ರಿ! ಈಗಿಂದೀಗ ಶಹಾಪುರ ದವಾಖಾನಿಗೆ ಹೋಗೋಣ. ನಾ ಗಾಡಿ ತರಸ್ತೀನಿ. ಯಾರಿಗರೆ ಕಣ್ಣು ಮಂಜು ಆಗಾಕತ್ತದೇನು? ವಾಂತಿ?"

"ವಾಂತಿ ಯಾಕ? ನೋಡಿಲ್ಲಿ ತಂಗಿ." ಬಸ್ಸಮ್ಮ ಅಂಗಳದ ನಡುವೆ ಕುಕ್ಕರುಗಾಲಿನಲ್ಲಿ ಕೂತಳು, ಎದ್ದಳು, ಮತ್ತೆ ಕೂತು ಮತ್ತೆ ಎದ್ದಳು. ಎರಡು ತಿಂಗಳಿಂದ ಗೋಡೆ ಹಿಡಿಯದೆ ಏಳದಿದ್ದವಳು. "ಹಜರಾಬೀ, ನೀ ತೋರಿಸು." ಹಜರಾಬೀ ಎರಡೂ ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಿದಳು. ತುದಿಯಲ್ಲಿದ್ದ ಮಲ್ಲೇಶ್ವರಿ ತನ್ನ ಹೆಬ್ಬೆರಳನ್ನು ನೋಡಿಕೊಂಡು ಸುಮ್ಮನೆ ಕುಳಿತಳು.

ಆಗ ಸುಕನ್ಯಾಳ ಒಳಗೆ ಆದದ್ದನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ. ಭಯ ಇದ್ದೇ ಇತ್ತು. ಅದರ ಅಡಿಯಲ್ಲಿ ಇನ್ನೊಂದು ಕದಲಿತು: ಕೆಲಸ ಮಾಡಿದೆಯೇ? ನಾಲ್ಕನೆಯದು? ನನ್ನ ಪಟ್ಟಿಯದು? ಜ್ವರ ಹೋದ ಒಂದು ವಾರದಲ್ಲಿ ವೈರಸ್ಸು ರಕ್ತದಿಂದ ಹೋಗಿಬಿಡುತ್ತದೆ, ಈಗ ಉಳಿದಿರುವುದು ಕೀಲಿನ ಬಾವು, ಅದರ ಮೇಲೆ ಈ ಔಷಧಿ ಏನೂ ಮಾಡಲಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತರಗತಿಯಲ್ಲಿ ಇದನ್ನೇ ಹೇಳಿಕೊಟ್ಟಿದ್ದಳು. ಆದರೂ ಕೈ ಚೀಲದಿಂದ ಪೆನ್ನು ತೆಗೆಯಿತು. ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯಿತು: ಎಂಟು ಮಂದಿ. ದಿನ ಮೂರು. ತೂಕ ಎಪ್ಪತ್ತೆಂಟು.

"ಬಸ್ಸಮ್ಮಕ್ಕ, ನಿಮಗ ವಯಸ್ಸು ಎಷ್ಟ್ರಿ?" ಎಂದು ಕೇಳಿದ್ದು ಕಿವಿಗೆ ಬಿದ್ದ ಮೇಲೇ ಅವಳಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದದ್ದು.

ರೇಣಮ್ಮ ಅದನ್ನೆಲ್ಲ ನೋಡಿದಳು. ಚೌಕಟ್ಟು ಹಿಡಿದು ಎದ್ದಳು. "ಸುಕನ್ಯಾ, ಒಳಗ ಬಾ."

ಅಡುಗೆಮನೆಯಲ್ಲಿ ರೇಣಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿದಳು. ಒಳಗೆ ಅಕ್ಕಿಯ ಗಂಜಿ ತಿಳಿ, ಬೆಳ್ಳಗೆ, ಮೇಲೆ ಬೇವಿನ ಎಲೆ ತೇಲುತ್ತಿತ್ತು.

"ಇದು ಏನ್ರಿ?"

"ನಿನ್ನ ನಾಕನೇ ನಂಬರ್."

ಸುಕನ್ಯಾ ಪಾತ್ರೆ ನೋಡಿದಳು, ಅತ್ತೆಯನ್ನು ನೋಡಿದಳು.

"ಕಹಿ ಇಲ್ಲಂದ್ರ ಯಾರ್ ನಂಬ್ತಾರ? ಅದಕ್ಕ ಬೇವು," ಎಂದಳು ರೇಣಮ್ಮ. "ಕೇಳು. ಬುಧವಾರ ನೀ ಹೇಳಿ ಹೋದಿ, ಮುಟ್ಟಗೊಡಬ್ಯಾಡ್ರಿ ಅಂತ. ನಮ್ಮ ಕ್ಯಾನ ನಾ ಕಾಯ್ತೀನಿ. ಈ ಓಣ್ಯಾಗ ಮನಿಗೊಂದು ಕ್ಯಾನ ಅದ, ಅವನ್ನ ಯಾರ್ ಕಾಯಬೇಕು? ಗುರುವಾರ ಮುಂಜಾನಿ ಬಸ್ಸಮ್ಮ ಚಮಚ ಹಿಡಕೊಂಡು ನನ್ನ ಕೇಳಾಕ ಬಂದಳು, ಎಷ್ಟು ಚಮಚ ಅಂತ. ಬ್ಯಾಡ ಅಂದಿದ್ರ ಮನಿಗೆ ಹೋಗಿ ಕುಡೀತಿದ್ದಳು. ಅದಕ್ಕ ಹೇಳಿದೆ, ಹಂಗ ಮನ್ಯಾಗ ಕುಡಿಯೋದಲ್ಲ, ತೂಕದ ಲೆಕ್ಕ ಅದ, ಸುಕನ್ಯಾ ನನಗೊಬ್ಬಾಕಿಗೇ ಕಲಿಸ್ಯಾಳ, ಎಲ್ಲಾರೂ ಕ್ಯಾನ ತಂದು ನನ್ನ ಹಂತ್ಯಾಕ ಒಪ್ಪಸ್ರಿ ಅಂತ." ಅವಳು ನಡುವಿನಿಂದ ಬೀಗದ ಕೈ ತೆಗೆದು ಉಣ್ಣೆ ಇಡುವ ಪೆಟ್ಟಿಗೆ ತೋರಿಸಿದಳು. "ಏಳು ಮನಿವು, ನಮ್ಮದು ಒಂದು. ಎಂಟೂ ಅದರಾಗ ಅದಾವ. ಹೊರಗಿರೋದು ಹ್ವಾದ ವರ್ಷದ ಖಾಲಿ ಕ್ಯಾನ. ಸೋಡಾ ಹಾಕಿ ತಿಕ್ಕಿ ತಿಕ್ಕಿ ತೊಳದೀನಿ."

ಸುಕನ್ಯಾ ಕೆಳಗೆ ಕುಳಿತುಬಿಟ್ಟಳು. ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ಸೆರಗಿನಿಂದ ಮುಚ್ಚಿಕೊಂಡಳು.

"ನನಗರೆ ಹೇಳಬೇಕಿಲ್ಲೇನ್ರಿ ಅತ್ತಿ?"

"ನಿನ್ನ ಮಾರಿ ಮ್ಯಾಲೆ ಎಲ್ಲಾ ಬರದಿರ್ತದ. ಬಸ್ಸಮ್ಮ ಓದಿಬಿಡ್ತಿದ್ದಳು." ರೇಣಮ್ಮ ಪಾತ್ರೆಯ ಮುಚ್ಚಳ ಹಾಕಿ ಕೇಳಿದಳು, "ಆ ಪುಸ್ತಕದಾಗ ಏನ್ ಬರಕೊಂಡಿ?"

ಸುಕನ್ಯಾ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಎಂಟು ಜೀವ ಹೋಗಬಹುದಾದ ಜಾಗದಲ್ಲಿ ನಿಂತು ತಾನು ವಯಸ್ಸು ಕೇಳಿದೆ. ಪಟ್ಟಿಯ ಕಡೆಗೆ ಅಷ್ಟು ಆಸೆ ತನ್ನೊಳಗೆ ಯಾವಾಗ ಬೆಳೆದಿತ್ತು? ಅದು ಪಿಎಚ್.ಡಿ.ಯ ಆಸೆ ಮಾತ್ರವೇ ಆಗಿರಲಿಲ್ಲ. ಯಾರೋ ಒಬ್ಬರು ತನ್ನ ಕಡೆ ತಿರುಗಿ, ಹೌದು, ನೀನು ಮಾಡಿದ್ದು ಉಪಯೋಗಕ್ಕೆ ಬಂತು ಎಂದು ಹೇಳಬೇಕೆಂಬ ಆಸೆ. ಬಸ್ಸಮ್ಮ ಕೂತು ಎದ್ದು ತೋರಿಸಿದಾಗ ಅವಳು ಕೇಳಿಸಿಕೊಂಡದ್ದು ಅದನ್ನೇ.

"ಅವರಿಗೆ ಹೇಳಬೇಕ್ರಿ," ಎಂದಳು.

"ಏನಂತ?"

"ಕುಡದದ್ದು ಗಂಜಿ ಅಂತ. ಈಗ ಅವರು ಕುರಿ ಔಷಧದಿಂದ ಆರಾಮಾತು ಅಂತ ತಿಳಕೊಂಡಾರ. ಮುಂದಿನ ವರ್ಷ ಮತ್ತ ಜ್ವರ ಬರ್ತದ. ಆಗ ಪೆಟ್ಟಿಗಿ ಕಾಯಾಕ ನೀವು ಇಲ್ಲಿ ಇಲ್ಲದಿದ್ರ? ಸುರಪುರಕ್ಕ ಮಗಳ ಮನಿಗೆ ಹೋಗಿದ್ರ? ಬೇರೆ ಊರಿಗೆ ಸುದ್ದಿ ಹೋಗಿದ್ರ?"

"ಸಿಟ್ಟಿಗೆದ್ದು ಕ್ಯಾನ ವಾಪಸ್ ಕೊಡು ಅಂತ ಅಂದ್ರ? ಮೋಸ ಮಾಡಿದಿ ಅಂತ ನನ್ನ ಮಾರಿಗೆ ಬೈದ್ರ? ಮೂವತ್ತೈದು ವರ್ಷ ಈ ಓಣ್ಯಾಗ ನನ್ನ ಮಾತು ಯಾರೂ ತೆಗದು ಹಾಕಿಲ್ಲ."

"ತಪ್ಪು ನಂದ್ರಿ. ನಂದು ಅಂತ್ಲೇ ಹೇಳ್ತೀನಿ."

ರೇಣಮ್ಮ ಬೀಗದ ಕೈಯನ್ನು ಮತ್ತೆ ನಡುವಿಗೆ ಸಿಕ್ಕಿಸಿಕೊಂಡಳು. "ಹೋಗು. ಆದ್ರ ಪೆಟ್ಟಿಗಿ ಕೀಲಿ ನನ್ನ ಹಂತ್ಯಾಕೇ ಇರ್ತದ," ಎಂದಳು.

ಸುಕನ್ಯಾ ಅಂಗಳಕ್ಕೆ ಬಂದಳು. ನಿಂತುಕೊಂಡೇ ಹೇಳಿದಳು: ಮೂರು ದಿನ ನೀವು ಕುಡಿದದ್ದು ಕುರಿಯ ಔಷಧಿಯಲ್ಲ, ಗಂಜಿ ತಿಳಿ ಮತ್ತು ಬೇವು. ನಿಮ್ಮ ಜೀವ ಉಳಿಸಲು ಅತ್ತೆ ಹಾಗೆ ಮಾಡಿದರು. ನಾಲ್ಕನೆಯ ನಂಬರು ಎಂದು ಬಾಯಿ ಬಿಟ್ಟದ್ದು ನನ್ನ ತಪ್ಪು. ಆ ನಂಬರು ಕಂಪ್ಯೂಟರಿನ ಒಳಗಿನದು. ಅದು ಔಷಧಿಯಲ್ಲ, ಯಾವುದನ್ನು ಮುಂದೆ ಪರೀಕ್ಷೆ ಮಾಡಬಹುದು ಎನ್ನುವ ಗುರುತು ಅಷ್ಟೇ.

ಬಾಗಿಲಲ್ಲಿ ರೇಣಮ್ಮ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮೊದಲು ಹಜರಾಬೀಯ ಭುಜ ಅಲುಗಿತು. ಆಮೇಲೆ ಬಸ್ಸಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಆಮೇಲೆ ಅಂಗಳವೇ ನಕ್ಕಿತು.

"ಎವ್ವಾ ರೇಣವ್ವ," ಎಂದಳು ಬಸ್ಸಮ್ಮ, ಕಣ್ಣು ಒರೆಸಿಕೊಳ್ಳುತ್ತ. "ಮೂವತ್ತು ವರ್ಷ ಕುರಿ ಬಾಯಿ ಅಗಲಿಸಿ ಆ ಔಷಧ ಹಾಕೀನಿ. ಕೈಗೆ ಹತ್ತಿದ್ರ ಎರಡು ದಿನ ವಾಸನಿ ಹೋಗಂಗಿಲ್ಲ. ಅದರ ವಾಸನಿ ನನಗ ಗೊತ್ತಾಗಂಗಿಲ್ಲೇನು? ಮೊದಲನೇ ದಿನಾನೇ ಗೊತ್ತಾತು, ಗಂಜಿ ಅಂತ."

"ನಿನ್ನೆಯದರಾಗ ಉಪ್ಪು ಜರಾ ಕಡಿಮಿ ಇತ್ತು," ಎಂದಳು ಹಜರಾಬೀ.

ರೇಣಮ್ಮನ ಮುಖ ನೋಡುವಂತಿತ್ತು. ಮೂರು ದಿನ ಓಣಿಗೆಲ್ಲ ಮೋಸ ಮಾಡಿದೆನೆಂದು ಒಳಗೊಳಗೇ ನಕ್ಕವಳು, ಮೂರು ದಿನ ಓಣಿಯೆಲ್ಲ ತನ್ನನ್ನು ನೋಡಿ ನಕ್ಕಿತ್ತೆಂದು ಈಗ ತಿಳಿದುಕೊಳ್ಳುತ್ತಿದ್ದಳು.

"ಗೊತ್ತಿದ್ದೂ ಯಾಕ ಬಂದಿರೇ?" ಎಂದು ಗದರಿದಳು.

ಬಸ್ಸಮ್ಮ ನಗು ನಿಲ್ಲಿಸಿದಳು. "ಕುಂದ್ರಾಕ ಬಂದಿವಿ. ಎರಡು ತಿಂಗಳಾತು, ಮೈಯೆಲ್ಲ ನೋವು ಅಂದ್ರ ಮನ್ಯಾಗ ಯಾರರೆ ಕುಂದ್ರಿ ಅಂದಾರೇನು? ಮುಂಜಾನಿ ಎಂಟಕ್ಕ ಕುಂದ್ರಾಕ ಹೋಗ್ತೀನಿ ಅಂದ್ರ ಬಿಡ್ತಾರೇನು? ಔಷಧ ತಗೊಳಾಕ ಹೋಗ್ತೀನಿ ಅಂದೆ. ನಮ್ಮತ್ತಿ ತಾನೇ ರೊಟ್ಟಿ ಬಡದಳು. ಲಗ್ನ ಆದಾಗಿಂದ ಮೊದಲನೇ ಸಲ."

"ನಮ್ಮ ಮನ್ಯಾಗ ಆಡಿನ ಹಾಲು ಹಿಂಡಿಟ್ಟಿದ್ರು," ಎಂದಳು ಹಜರಾಬೀ. "ಅಲ್ಲಾ ಕಸಮ್, ಅರ್ಧಾ ನೋವು ಅದಕ್ಕೇ ಹೋತು."

ಮತ್ತೆ ನಗು. ಸುಕನ್ಯಾ ಕೂಡ ನಕ್ಕಳು. ನಗುತ್ತ ಸಾಲಿನ ಮೇಲೆ ಕಣ್ಣಾಡಿಸುವಾಗ ತುದಿಯಲ್ಲಿ ಒಂದು ಮುಖ ನಗುತ್ತಿರಲಿಲ್ಲ.

ಮಲ್ಲೇಶ್ವರಿಯ ಮನೆಯಲ್ಲಿ ಕುರಿ ಇರಲಿಲ್ಲ. ಅವಳಿಗೆ ಆ ಔಷಧಿಯ ವಾಸನೆ ಗೊತ್ತಿರಲಿಲ್ಲ. ಮೂರು ಮುಂಜಾನೆ ಅವಳೊಬ್ಬಳೇ ಬೇವಿನ ಕಹಿಯನ್ನು ನಂಬಿ ನುಂಗಿದ್ದಳು.

"ಟೀಚರ್, ಅದಕ್ಕೇ ನನಗ ಹತ್ತಲಿಲ್ಲೇನ್ರಿ?" ಎಂದಳು. ಸೆರಗಿನ ಗಂಟು ಬಿಚ್ಚಲು ಹೋದಳು. ಬೆರಳು ಆಡಲಿಲ್ಲ, ಹಲ್ಲಿನಿಂದ ಬಿಚ್ಚಿದಳು. ಒಳಗೆ ಒಂದು ಹೊಸ ಬಾಟಲಿ, ಕುರಿಯ ಚಿತ್ರದ್ದು. "ಎಲ್ಲಾರಿಗೂ ಆರಾಮಾಗಾಕತ್ತದ, ನನಗೊಬ್ಬಾಕಿಗೇ ಇಲ್ಲ. ನನ್ನ ಮೈಗೆ ಸಾಲವಲ್ದು ಅಂತ ನಿನ್ನೆ ಶಹಾಪುರದಾಗ ತಗೊಂಡೆ. ಇವತ್ತ ಸಂಜಿಗೆ ಎರಡು ಕುರಿ ಲೆಕ್ಕ ಕುಡೀಬೇಕಂತ ಮಾಡಿದ್ದೆ. ಸೋಮವಾರದೊಳಗ ಹನ್ನೆರಡು ಕುಬಸ ಕತ್ತರಿಸಬೇಕ್ರಿ."

ಸುಕನ್ಯಾ ಬಾಟಲಿ ತೆಗೆದುಕೊಂಡು ಮುಚ್ಚಳ ನೋಡಿದಳು. ಸುತ್ತಿನ ಉಂಗುರ ಒಡೆದಿರಲಿಲ್ಲ. ಎರಡು ಸಲ ನೋಡಿದಳು, ಮೂರನೆಯ ಸಲ ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಮಲ್ಲೇಶ್ವರಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು.

ಯಾರೂ ಹೇಳದೆ ಬಸ್ಸಮ್ಮ ಎದ್ದು ಬಂದಳು. "ಹುಚ್ಚಿ, ನನಗ ಕೇಳಬಾರದೇನ?" ಎಂದಳು. ದನಿಯಲ್ಲಿ ತಮಾಷೆ ಇರಲಿಲ್ಲ. "ಸೋಮವಾರದ ಬಟ್ಟಿ ತಗೊಂಡು ಬಾ ಇಲ್ಲಿಗೆ. ನೀ ಗೆರಿ ಹಾಕು, ಕತ್ತರಿ ನಾ ಹಿಡೀತೀನಿ."

"ನೀ ಹಿಡದ್ರ ಮದುಮಗಳಿಗೆ ಒಂದೇ ತೋಳು," ಎಂದಳು ಹಜರಾಬೀ. "ನಾ ಹಿಡೀತೀನಿ."

"ಸೋಮವಾರ ನನ್ನ ಜೊತಿ ಶಹಾಪುರಕ್ಕ ಬಾ," ಎಂದಳು ಸುಕನ್ಯಾ ಮಲ್ಲೇಶ್ವರಿಗೆ. "ಕೈ ತೋರಿಸೋಣ. ಬಾವು ಇಳಿಯಾಕ ಗುಳಿಗಿ ಅದಾವ, ಬೆರಳಿಗೆ ವ್ಯಾಯಾಮ ಹೇಳಿಕೊಡ್ತಾರ. ಜಲ್ದಿ ಹೋಗಂಗಿಲ್ಲ. ಆದ್ರ ಹೋಗ್ತದ."

"ಅದು ಎಷ್ಟನೇ ನಂಬರ್ರಿ?" ಎಂದು ಮಲ್ಲೇಶ್ವರಿ ಕೇಳಿದಳು. ಅವಳ ತುಟಿಯ ಕೊನೆಯಲ್ಲಿ ಮೊದಲ ಸಲ ಏನೋ ಕದಲಿತು.

ಬಾಟಲಿಯನ್ನು ರೇಣಮ್ಮ ಕೇಳದೆಯೇ ಇಸಕೊಂಡು ಒಳಗೆ ಹೋದಳು. ಪೆಟ್ಟಿಗೆಯ ಬೀಗ ತೆರೆದ ಸದ್ದು, ಮತ್ತೆ ಹಾಕಿದ ಸದ್ದು ಹೊರಗೆ ಕೇಳಿಸಿತು. ಹೊರಬಂದು ಸೊಸೆಯನ್ನು ನೋಡಿದಳು. ಹೇಳಿದ್ದು ಒಳ್ಳೆಯದಾಯಿತು ಎಂದು ಅವಳು ಹೇಳಲಿಲ್ಲ. "ನಿನ್ನ ಆ ಶಾವಿಗಿ ಇವರಿಗೂ ಒಂದಿನ ತೋರಿಸು," ಎಂದಳು. "ಬಾಯಿಲೇ ಹೇಳಿದ್ರ ಹಿಂಗಾಗ್ತದ."

ಅಷ್ಟರಲ್ಲಿ ಹೊರಗಿನ ಗೇಟು ಕಿರ್ರೆಂದಿತು. ಬಸ್ಸಮ್ಮನ ಗಂಡ ತಿಮ್ಮಣ್ಣ, ಹೆಗಲ ಮೇಲೆ ಟವೆಲು, ಮುಖದ ಮೇಲೆ ಹಿಟ್ಟಿನ ಗುರುತು. ಅವನಮ್ಮ ಇವತ್ತು ರೊಟ್ಟಿ ಬಡಿಯುವ ಸರದಿಯನ್ನು ಮಗನಿಗೆ ದಾಟಿಸಿದ ಹಾಗಿತ್ತು.

"ಟೀಚರಮ್ಮಾ, ಒಂದ್ ಮಾತು ಕೇಳಬೇಕಿತ್ತು," ಎಂದ. "ನಮ್ಮಾಕಿ ಔಷಧಿಂದು ಇನ್ನ ಎಷ್ಟು ದಿನ ಅದ್ರಿ? ಮನ್ಯಾಗ ಭಾಳ ತಕಲೀಫ್ ಆಗಾಕತ್ತದ. ಆ ಕುರಿ ಔಷಧ ನಾನೂ ಒಂದೀಟು ಕುಡದ್ರ ನಡೀತದೇನ್ರಿ? ನನಗೂ ಸೊಂಟ ಹಿಡದದ."

"ಬ್ಯಾಡ್ರಿ ಅಣ್ಣಾರ!" ಸುಕನ್ಯಾ ತಟ್ಟನೆ ಎದ್ದಳು. "ಅದು ವಿಷ. ಅದನ್ನ ಯಾರೂ ಕುಡದಿಲ್ಲ, ಯಾರೂ ಕುಡೀಬಾರದು. ನಿಮ್ಮ ಕ್ಯಾನ ಅತ್ತಿ ಹಂತ್ಯಾಕ ಕೀಲಿ ಹಾಕಿ ಇಟ್ಟಾರ. ಕುರಿಗೆ ಬೇಕಾದಾಗ ಬಂದು 'ಕುರಿಗೆ' ಅಂತ ಹೇಳಿ ತಗೊಂಡು ಹೋಗ್ರಿ."

"ಮತ್ತ ಇವರು ಮೂರು ದಿನದಿಂದ ತಗೊಳಾಕತ್ತಿದ್ದು?"

ಸುಕನ್ಯಾ ಬಾಯಿ ತೆರೆದಳು. ಈಗಷ್ಟೇ ಸತ್ಯ ಹೇಳಲೇಬೇಕೆಂದು ಅತ್ತೆಯ ಜೊತೆ ವಾದ ಮಾಡಿ ಬಂದವಳು. ಎಂಟು ಜೋಡಿ ಕಣ್ಣು ಅವಳ ಮೇಲಿದ್ದವು.

"ಅದು ಬ್ಯಾರೆ," ಎಂದಳು ಕಡೆಗೆ. "ದಿನಾ ಮುಂಜಾನಿ ಒಂದು ತಾಸು ಕೀಲುಗಳಿಗೆ ವಿಶ್ರಾಂತಿ ಕೊಡಬೇಕು. ಗಂಜಿ ಕುಡೀಬೇಕು. ಬಾವು ಇಳಿಯಾಕ ಅದು ಬೇಕೇ ಬೇಕ್ರಿ. ಮನ್ಯಾಗ ಆಗಂಗಿಲ್ಲ, ಇಲ್ಲೇ ಬಂದು ಕುಂದ್ರಬೇಕು." ಅದರಲ್ಲಿ ಒಂದು ಪದವೂ ಸುಳ್ಳಲ್ಲ ಎಂದು ತನಗೇ ಆಶ್ಚರ್ಯವಾಯಿತು.

"ನಡುವ ಬಿಟ್ರ?"

"ನಡುವ ಬಿಡಂಗಿಲ್ರಿ."

ತಿಮ್ಮಣ್ಣ ನಿಟ್ಟುಸಿರು ಬಿಟ್ಟ. "ಆತು ಬಿಡ್ರಿ. ಒಟ್ಟು ಎಷ್ಟು ದಿನ, ಹೇಳ್ರಿ."

ಅವನ ಬೆನ್ನ ಹಿಂದೆ ಬಸ್ಸಮ್ಮ ಎರಡೂ ಕೈ ಎತ್ತಿ ಹತ್ತು ಬೆರಳು ಅಗಲಿಸಿ ತೋರಿಸಿದಳು.

"ಹತ್ತ್..." ಎನ್ನುವಷ್ಟರಲ್ಲಿ ಬಸ್ಸಮ್ಮ ಮುಷ್ಟಿ ಕಟ್ಟಿ ಮತ್ತೆ ಬಿಚ್ಚಿದಳು. ಮತ್ತೊಮ್ಮೆ ಕಟ್ಟಿ ಬಿಚ್ಚಿದಳು. ಪಕ್ಕದಲ್ಲಿ ಹಜರಾಬೀಯೂ ತನ್ನ ಎರಡು ಕೈ ಎತ್ತಿದಳು.

"ನಿಲ್ರಿ ಅಣ್ಣಾರ," ಎಂದಳು ಸುಕನ್ಯಾ, "ಲೆಕ್ಕ ಹಾಕಾಕತ್ತೇನಿ."